ಹಡಗಿನ ಲೆಕ್ಕವೂ ದಂಡಿನ ಲೆಕ್ಕವೂ

ಹುಲಿ, ಮೇಕೆ, ಹುಲ್ಲಿನ ಹೊರೆ ಈ ಮೂರನ್ನೂ ಒಬ್ಬ ಅಂಬಿಗನು ಹೊಳೆ ದಾಟಿಸಬೇಕು. ದೋಣಿಯಲ್ಲಿ ಅವನ ಸಂಗಡ ಒಂದಕ್ಕೆ ಮಾತ್ರವೇ ಸ್ಥಳ. ಅವನು ಹತ್ತಿರವಿಲ್ಲದಿದ್ದರೆ ಹುಲಿಯು ಮೇಕೆಯನ್ನೂ ಮೇಕೆಯು ಹುಲ್ಲನ್ನೂ ತಿಂದುಬಿಡುವುವು. ಈ ಹಳೆಯ ಒಗಟನ್ನು ಕೇಳದವರು ನಮ್ಮಲ್ಲಿ ವಿರಳ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಗಣಿತದ ಮೇಷ್ಟ್ರು ರಜೆಯ ಮೇಲಿದ್ದಾಗಲೆಲ್ಲ ಅವರ ತರಗತಿಗೆ ಹೋಗಿ, ಸಂಸ್ಕೃತದವನಾದ ನನಗೆ ತಿಳಿದಿದ್ದ ಗಣಿತವೆಲ್ಲ ಇಷ್ಟೇ ಆದುದರಿಂದ, ಇದನ್ನೇ ಕೇಳುತ್ತಿದ್ದೆನು. ವರ್ಷದ ಬಹುಭಾಗ ಮರಳಾಗಿಯೇ ಕಾಣುವ ಜಯಮಂಗಲಿಯ ದಡದ ಮಕ್ಕಳಿಗೆ ದೋಣಿಯೆಂದರೆ ಪುಸ್ತಕದ ಚಿತ್ರವೇ ಸರಿ. ಒಮ್ಮೆ ಒಬ್ಬ ಹುಡುಗನು ಎದ್ದು ನಿಂತು, "ದಾಟಿಸಿದ ಮೇಕೆಯನ್ನು ಮತ್ತೆ ಹಿಂದಕ್ಕೆ ತರುವುದು ದಂಡದ ಕೆಲಸವಲ್ಲವೇ ಮೇಷ್ಟ್ರೇ?" ಎಂದು ಕೇಳಿದನು. ಒಗಟಿನ ಬೀಗದ ಕೈಯೆಲ್ಲ ಆ ದಂಡದ ಕೆಲಸದಲ್ಲಿಯೇ ಇದೆಯೆಂದು ಅವನಿಗೆ ತಿಳಿಯಹೇಳಲು ಅರ್ಧ ಗಂಟೆ ಹಿಡಿಯಿತು. ಒಟ್ಟು ೭ ಪಯಣಗಳು. ಅವುಗಳಲ್ಲಿ ೩ ಹಿಂದಿರುಗುವ ಪಯಣಗಳು. ಹೋಗುವುದನ್ನು ಮಾತ್ರ ಎಣಿಸಿದವನಿಗೆ ಈ ಲೆಕ್ಕವು ಎಂದಿಗೂ ಬಿಡದು.

ಕಡಲನ್ನು ದಾಟಿ ಪರರ ದಡದಲ್ಲಿ ದಂಡನ್ನಿಳಿಸುವ ಯುದ್ಧಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಆ ಹುಡುಗನ ಪ್ರಶ್ನೆಯೇ ನೆನಪಾಗುತ್ತದೆ. ಕಡಲಿಗೂ ನಮ್ಮ ಮಧುಗಿರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನಮ್ಮ ಬೆಟ್ಟದ ಮೇಲೆಯೇ ಉಂಟು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ, ಆ ಸಂಸ್ಥಾನದ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ತಂದು ಸೆರೆಯಿಟ್ಟುದು ಈ ಮಧುಗಿರಿಯ ದುರ್ಗದಲ್ಲಿ. ೧೭೬೭ರಲ್ಲಿ ಮರಾಠರು ದುರ್ಗವನ್ನು ಹಿಡಿದು ಅವರನ್ನು ಬಿಡಿಸುವವರೆಗೆ ಕೆಳದಿಯ ಸಿಂಹಾಸನವೇರಿದ್ದ ಆ ಹೆಣ್ಣುಮಗಳು ನಮ್ಮ ಏಕಶಿಲಾಗಿರಿಯ ಮೇಲೆ ಬಂದಿಯಾಗಿದ್ದಳು. ಬಿದನೂರಿನ ಒಡೆತನವೆಂದರೆ ಮಲೆನಾಡಿನ ಅಡಕೆ ಮೆಣಸುಗಳ ಒಡೆತನವಷ್ಟೇ ಅಲ್ಲ. ಹೊನ್ನಾವರ, ಕುಂದಾಪುರ, ಮಂಗಳೂರು ಮೊದಲಾದ ರೇವುಗಳ ಒಡೆತನವೂ ಹೌದು. ರಾಣಿಯು ಇಲ್ಲಿ ಸೆರೆಯಲ್ಲಿದ್ದ ವರ್ಷಗಳಲ್ಲಿಯೇ ಒಳನಾಡಿನ ಸರದಾರನಾಗಿದ್ದ ಹೈದರನು ಹಡಗುಗಳ ಒಡೆಯನಾದನು. ಹಡಗುಗಳ ಒಡೆಯನಾದುದರಿಂದಲೇ ಬೊಂಬಾಯಿಯ ಕುಂಪಣಿಯವರ ದೃಷ್ಟಿಯು ಆ ತೀರದ ಮೇಲೆ ಬಿದ್ದಿತು. ಪ್ರಕೃತ ವಿಷಯವು ಅಲ್ಲಿಂದಲೇ ಹುಟ್ಟುವುದು.

ಆದರೆ ಅದಕ್ಕೆ ಮುಂಚೆ ಪ್ರಾಚೀನರನ್ನು ಒಂದು ಮಾತು ಕೇಳುವುದು ಉಚಿತ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಆರಂಭದಲ್ಲಿ ಶ್ರೀರಾಮನ ಚಿಂತೆಯು ರಾವಣನ ಪರಾಕ್ರಮವನ್ನು ಕುರಿತದ್ದಲ್ಲ, ಸಮುದ್ರವನ್ನು ಕುರಿತದ್ದು. ಹನುಮಂತನನ್ನು ಅವನು ಲಂಕೆಯ ಬಾಗಿಲುಗಳೆಷ್ಟು, ಅಗಳುಗಳೆಷ್ಟು, ಕಾವಲೆಷ್ಟು ಎಂದು ಕೇಳುತ್ತಾನೆ. ಹನುಮಂತನು ಅವನ್ನೆಲ್ಲ ವಿವರಿಸಿ, ಅಲ್ಲಿಗೆ ನಾವೆಗಳ ದಾರಿಯೂ ಇಲ್ಲವೆಂದು ತಿಳಿಸುತ್ತಾನೆ. ಎದುರು ದಡವನ್ನು ಕಣ್ಣಾರೆ ಕಂಡು ಬಂದವನ ಮಾತನ್ನು ಕೇಳಿ ಆಮೇಲೆ ಉಪಾಯವನ್ನು ಯೋಚಿಸುವ ಈ ಕ್ರಮವು ಕಾವ್ಯದ ಅಲಂಕಾರವಲ್ಲ, ರಾಜನೀತಿ. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲೀಯ ಅರ್ಥಶಾಸ್ತ್ರದಲ್ಲಿಯೂ ನಾವಧ್ಯಕ್ಷನೆಂಬ ಅಧಿಕಾರಿಗೆ ಪ್ರತ್ಯೇಕ ಪ್ರಕರಣವುಂಟು. ದಂಡು ನೀರನ್ನು ದಾಟುವಾಗ ಆನೆ, ಸೇತುವೆ, ದೋಣಿ, ಮರದ ದಿಮ್ಮಿ, ಬಿದಿರು, ಸೋರೆಬುರುಡೆ, ತೊಗಲಿನ ಚೀಲಗಳವರೆಗೆ ಏನೇನನ್ನು ಉಪಯೋಗಿಸಬಹುದೆಂಬ ಪಟ್ಟಿಯೂ ಉಂಟು. ನಮ್ಮ ಕನ್ನಡ ನಾಡಿನ ಸಾಕ್ಷ್ಯವನ್ನು ಕೇಳುವುದಾದರೆ, ಐಹೊಳೆಯ ಮೇಗುತಿ ದೇವಾಲಯದಲ್ಲಿ ರವಿಕೀರ್ತಿಯು ಶಕ ೫೫೬ರಲ್ಲಿ, ಎಂದರೆ ಕ್ರಿ. ಶ. ೬೩೪-೩೫ರಲ್ಲಿ, ಬರೆಯಿಸಿದ ಶಾಸನವು ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ನಾವೆಗಳಿಂದ ಮುತ್ತಿದನೆಂದು ಹೇಳಿ ಆ ನಾವೆಗಳನ್ನು ಮದದಾನೆಗಳಿಗೆ ಹೋಲಿಸುತ್ತದೆ. ಆ ಪುರಿ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಉಪಮೆಯು ಸೊಗಸಾದುದು. ಆದರೆ ಆ ಆನೆಗಳ ಹೊಟ್ಟೆಯಲ್ಲಿ ಎಷ್ಟು ಮಂದಿ ಹಿಡಿದರು, ಕುದುರೆಗಳನ್ನು ಹೇಗೆ ಇಳಿಸಿದರು, ಕುಡಿಯುವ ನೀರನ್ನು ಎಲ್ಲಿ ತುಂಬಿಕೊಂಡರು ಎಂಬುದು ಕವಿಯ ಕೆಲಸವಲ್ಲ. ಅದು ಲೆಕ್ಕಿಗನ ಕೆಲಸ. ಲೆಕ್ಕಿಗನ ಹೆಸರನ್ನು ಯಾವ ಶಾಸನವೂ ಕೆತ್ತಲಿಲ್ಲ.

ಆ ಲೆಕ್ಕವು ಎಂತಹುದೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಭೂಮಿಯ ಮೇಲೆ ನಡೆಯುವ ದಂಡಿಗೆ ಕಾಲೇ ವಾಹನ. ಹತ್ತು ಸಾವಿರ ಮಂದಿಯಿದ್ದರೆ ಹತ್ತು ಸಾವಿರ ಮಂದಿಯೂ ನಡೆಯುವರು. ಕಡಲಿನ ಮೇಲೆ ಹಾಗಲ್ಲ. ದೊಡ್ಡ ಹಡಗು ದಡಕ್ಕೆ ಬರಲಾರದು. ಆಳವಾದ ನೀರಿನಲ್ಲಿ ಲಂಗರು ಹಾಕಿ ನಿಲ್ಲಬೇಕು. ಅಲ್ಲಿಂದ ದಡದವರೆಗಿನ ಪಯಣವೆಲ್ಲ ಚಿಕ್ಕ ದೋಣಿಗಳದು. ಉದಾಹರಣೆಗಾಗಿ, ಹಡಗುಗಳಲ್ಲಿ ೧೨೦೦ ಸಿಪಾಯಿಗಳಿರುವರೆಂದೂ, ತಲಾ ೩೦ ಜನ ಹಿಡಿಯುವ ೨೦ ದೋಣಿಗಳಿರುವುವೆಂದೂ ಇಟ್ಟುಕೊಳ್ಳೋಣ. ಮೊದಲನೆಯ ಸಲಕ್ಕೆ ೬೦೦ ಮಂದಿ ಇಳಿಯುವರು. ದೋಣಿಗಳು ಹಿಂದಿರುಗಿ ಉಳಿದವರನ್ನು ತರಲು ಒಂದೂವರೆ ಗಂಟೆಯಾದರೆ, ಅಷ್ಟು ಹೊತ್ತೂ ಆ ೬೦೦ ಮಂದಿ ಬೆನ್ನ ಹಿಂದೆ ನೀರನ್ನಿಟ್ಟುಕೊಂಡು ಒಂಟಿಯಾಗಿ ಕಾದಬೇಕು. ಅಲೆಯ ಹೊಡೆತಕ್ಕೆ ೫ ದೋಣಿಗಳು ಮುರಿದರೆ ಎರಡು ಸಲದ ಕೆಲಸವು ಮೂರು ಸಲದ್ದಾಗುತ್ತದೆ. ಹಾಗಾದುದರಿಂದ ಕಡಲ ದಂಡಯಾತ್ರೆಯಲ್ಲಿ ದಂಡಿನ ಬಲವೆಂದರೆ ಹಡಗಿನಲ್ಲಿರುವವರ ಸಂಖ್ಯೆಯಲ್ಲ, ಒಂದು ಸಲಕ್ಕೆ ದಡ ಮುಟ್ಟುವವರ ಸಂಖ್ಯೆ. ಇನ್ನು ಸಾಮಾನು ತುಂಬುವ ಕ್ರಮವೊಂದುಂಟು: ಮೊದಲು ಬೇಕಾದುದು ಮೇಲಿರಬೇಕು. ಮದ್ದುಗುಂಡು ಅಡಿಯಲ್ಲಿಯೂ ಡೇರೆಗಳು ಮೇಲೆಯೂ ಇದ್ದರೆ ಹಡಗು ತುಂಬಿದ್ದರೂ ಸಿಪಾಯಿಯ ಕೈ ಬರಿದೇ. ಎಲ್ಲಕ್ಕೂ ಮೇಲೆ ಋತುವಿನ ಲೆಕ್ಕ. ನಮ್ಮ ಪಡುವಣ ಕರಾವಳಿಯಲ್ಲಿ ಜ್ಯೇಷ್ಠಮಾಸದ ಮಳೆಗಾಳಿ ಎದ್ದಿತೆಂದರೆ ಅಳಿವೆಗಳು ಮುಚ್ಚಿದಂತೆಯೇ. ಹಾಯಿಹಡಗಿನ ಕಾಲದಲ್ಲಿ ಆಮೇಲೆ ನಾಲ್ಕು ತಿಂಗಳು ಹೊಸ ದಂಡು ಬರುವಂತೆಯೂ ಇಲ್ಲ, ಬಂದ ದಂಡು ಹಿಂದಿರುಗುವಂತೆಯೂ ಇಲ್ಲ.

ಈಗ ೧೭೬೮ಕ್ಕೆ ಬರೋಣ. ಆಗ ಹೈದರನು ಪೂರ್ವದಲ್ಲಿ ಮದರಾಸಿನ ಕುಂಪಣಿಯವರೊಡನೆ ಯುದ್ಧದಲ್ಲಿದ್ದನು. ಬೊಂಬಾಯಿಯವರು ಆ ಸಮಯವನ್ನು ನೋಡಿ ಹಡಗುಗಳಲ್ಲಿ ಐರೋಪ್ಯ ಸೈನಿಕರನ್ನೂ ಸಿಪಾಯಿಗಳನ್ನೂ ತುಂಬಿ ಪಶ್ಚಿಮ ತೀರಕ್ಕೆ ಕಳುಹಿಸಿದರು. ಹೈದರನು ತನ್ನ ನೌಕಾಬಲದ ಮೇಲೆ ಕುದುರೆಯ ದಳದ ಸರದಾರನಾದ ಲುತ್ಫ್ ಅಲಿ ಬೇಗನನ್ನು ನೇಮಿಸಿದ್ದುದರಿಂದ ಅಸಮಾಧಾನಗೊಂಡಿದ್ದ ಹಡಗಿನ ನಾಯಕರು ಹೊನ್ನಾವರದ ಬಳಿ ಇಂಗ್ಲಿಷರ ಪಕ್ಷವನ್ನು ಸೇರಿಬಿಟ್ಟರು. ಹೊನ್ನಾವರವೂ ಮಂಗಳೂರೂ ಹೆಚ್ಚು ರಕ್ತಪಾತವಿಲ್ಲದೆ ಕುಂಪಣಿಯ ವಶವಾದುವು. ಇಳಿಯುವ ಲೆಕ್ಕವು ಸರಿಯಾಗಿಯೇ ಇದ್ದಿತು. ಆದರೆ ಹೈದರನು ಸುಮ್ಮನಿರುವವನಲ್ಲ. ಹದಿನೇಳು ವಯಸ್ಸಿನ ಮಗ ಟಿಪ್ಪುವನ್ನು ಮುಂದಾಗಿ ಕಳುಹಿಸಿ, ಹಿಂದೆಯೇ ತಾನೂ ಘಟ್ಟವಿಳಿದು ಮೇ ತಿಂಗಳಿನಲ್ಲಿ ಮಂಗಳೂರಿನ ಮುಂದೆ ನಿಂತನು. ದಂಡು ದೊಡ್ಡದಾಗಿ ಕಾಣಲೆಂದು ಕರಿಮರದಲ್ಲಿ ತುಪಾಕಿಯ ಆಕಾರಗಳನ್ನು ಮಾಡಿಸಿ ರೈತರ ಹೆಗಲಿಗೇರಿಸಿದ್ದರೆಂದು, ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ಈ ನಾಡಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು ಹೇಳುತ್ತಾನೆ. ಕೋಟೆಯೊಳಗಿದ್ದವರು ಧೈರ್ಯಗುಂದಿ ಹಡಗುಗಳಿಗೆ ಓಡಿದರು. ಫಿರಂಗಿ ದಳದ ೪೧ ಮಂದಿ, ಐರೋಪ್ಯ ಕಾಲಾಳುಗಳು ೨೦೦, ಸಿಪಾಯಿಗಳು ೧೨೦೦ ಇಷ್ಟು ಮಂದಿ ಹಡಗು ಹತ್ತಿದರು. ೮೦ ಮಂದಿ ಐರೋಪ್ಯರೂ ೧೮೦ ಮಂದಿ ಸಿಪಾಯಿಗಳೂ ರೋಗಿಗಳೂ ಗಾಯಾಳುಗಳೂ ಆಗಿ ದಡದಲ್ಲಿಯೇ ಉಳಿದರು. ಫಿರಂಗಿಗಳನ್ನೂ ಸಾಮಗ್ರಿಗಳನ್ನೂ ಬಿಟ್ಟೇ ಹೋದರು. ವಿಲ್ಕ್ಸನು ಕುಂಪಣಿಯ ಪಕ್ಷದವನೇ ಆದರೂ ಇದನ್ನು ನಾಚಿಕೆಗೇಡೆಂದೇ ಬರೆದಿದ್ದಾನೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಅದನ್ನು ಮರೆಮಾಡುವುದು ನ್ಯಾಯವಲ್ಲ. ಬೊಂಬಾಯಿಯವರು ದಂಡನ್ನಿಳಿಸಿದುದರ ಫಲವಾಗಿ ಹೈದರನು ಪೂರ್ವದ ರಂಗವನ್ನು ಬಿಟ್ಟು ಪಶ್ಚಿಮಕ್ಕೆ ಬರಬೇಕಾಯಿತು. ಆ ಅವಕಾಶದಲ್ಲಿ ಮದರಾಸಿನವರು ಬಾರಾಮಹಲನ್ನೂ ಕೊಯಮತ್ತೂರಿನ ಸೀಮೆಯನ್ನೂ ಆಕ್ರಮಿಸಿಕೊಂಡರು. ಹೀಗಿರಲು ಮಂಗಳೂರಿನ ಯಾತ್ರೆಯು ನಿಷ್ಫಲವಾಯಿತೆಂದು ಹೇಳಬಹುದೇ? ಶತ್ರುವನ್ನು ಎರಡು ಕಡೆಗೆ ಎಳೆಯುವುದಕ್ಕಾಗಿ ಸ್ವಲ್ಪ ನಷ್ಟವನ್ನು ಸಹಿಸಬಾರದೇ? ರಾಜನೀತಿಯು ಹೀಗೆ ವಾದಿಸಬಲ್ಲದು, ಆ ವಾದದಲ್ಲಿ ಬಲವೂ ಉಂಟು. ಆದರೆ ಶತ್ರುವು ಬರಲೆಂದೇ ಇಳಿದವರಿಗೆ ಶತ್ರುವು ಬಂದಾಗ ಏನು ಮಾಡಬೇಕೆಂಬ ಯೋಚನೆ ಇರಬೇಡವೇ? ಮೊದಲು ರೋಗಿಗಳು, ಆಮೇಲೆ ಫಿರಂಗಿ, ಕೊನೆಗೆ ಕಾವಲಿನವರು ಎಂದು ಹಿಂದಿರುಗುವ ಕ್ರಮವೊಂದನ್ನು ಗೊತ್ತುಮಾಡಿ, ಅದಕ್ಕೆ ತಕ್ಕ ದೋಣಿಗಳನ್ನು ಸಿದ್ಧವಾಗಿಟ್ಟಿದ್ದರೆ ಆ ೨೬೦ ಮಂದಿಯ ಗತಿ ಬೇರೆಯಾಗುತ್ತಿತ್ತು. ಹಡಗು ಹತ್ತಿದವರ ಸಂಖ್ಯೆಯು ೧೪೪೧, ಬಿಟ್ಟುಹೋದವರು ೨೬೦. ಆರರಲ್ಲಿ ಒಂದು ಪಾಲಿಗೆ ಹತ್ತಿರವಾದ ಈ ಮನುಷ್ಯರು ನಡೆಯಲಾರದವರಾಗಿದ್ದರು, ಆದುದರಿಂದಲೇ ಬಿಟ್ಟುಹೋದರು.

ಹದಿನೈದು ವರ್ಷಗಳ ಮೇಲೆ ಅದೇ ತೀರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ೧೭೮೨ರ ಡಿಸೆಂಬರ್ ೭ರಂದು ಹೈದರನು ತೀರಿಕೊಂಡನು. ಟಿಪ್ಪುವು ಆಮೇಲೆ ಪೂರ್ವಕ್ಕೆ ಹೋದನು. ಬೊಂಬಾಯಿಯ ಸರ್ಕಾರದವರು ಕಳುಹಿಸಿದ ಜನರಲ್ ಮ್ಯಾಥ್ಯೂಸನು ಮಿರ್ಜಾನಿನ ಹೊಳೆಯ ಅಳಿವೆಯ ಬಳಿಯ ರಾಜಮನದುರ್ಗದಲ್ಲಿ ಇಳಿದು, ೧೭೮೩ರ ಜನವರಿಯ ಮೊದಲ ಭಾಗದಲ್ಲಿ ಹೊನ್ನಾವರವನ್ನು ಹಿಡಿದನು. ತೀರದಲ್ಲಿಯೇ ನೆಲೆಯೂರಿ ಹಡಗುಗಳ ಸಂಪರ್ಕವನ್ನು ಕಾಪಾಡಿಕೊಂಡಿರಬೇಕೆಂಬುದು ಅವನ ಅಭಿಪ್ರಾಯ. ನೆಟ್ಟಗೆ ಬಿದನೂರಿಗೆ ನುಗ್ಗಬೇಕೆಂಬುದು ಮೇಲಿನವರ ಅಪ್ಪಣೆ. ಅವನು ಗೊಣಗುತ್ತಲೇ ಅಪ್ಪಣೆಯನ್ನು ಪಾಲಿಸಿ ಕುಂದಾಪುರದ ಕಡೆಯಿಂದ ಹೊಸಂಗಡಿಯ ಘಟ್ಟವನ್ನು ಹತ್ತಿದನು. ಬಿದನೂರಿನ ಅಧಿಕಾರಿಯಾಗಿದ್ದ ಅಯಾಜ್ ಖಾನನು ಜನವರಿ ಕೊನೆಯಲ್ಲಿ ಕೋಟೆಯನ್ನು ಒಪ್ಪಿಸಿಬಿಟ್ಟನು. ಮಾರ್ಚಿನಲ್ಲಿ ಮಂಗಳೂರೂ ಕೈವಶವಾಯಿತು. ಮೂರು ತಿಂಗಳೊಳಗೆ ಇಂತಹ ಜಯ! ಆದರೆ ಸಮುದ್ರದಿಂದ ಬಂದ ದಂಡು ಹಿಡಿದ ಕೋಟೆಗೊಂದಿಷ್ಟು ಜನವನ್ನು ಹಂಚುತ್ತ ಹೋದಂತೆಲ್ಲ ಕರಗುವುದು. ಭೂಮಿಯ ದಂಡು ನಡೆದು ಬಂದಂತೆಲ್ಲ ಬೆಳೆಯುವುದು. ಏಪ್ರಿಲಿನಲ್ಲಿ ಟಿಪ್ಪುವು ಬಂದು ಮೊದಲು ಮಾಡಿದ ಕೆಲಸವೆಂದರೆ ಘಟ್ಟದ ದಾರಿಗಳನ್ನು ಕಟ್ಟಿದುದು. ದೋಣಿಗೂ ದಂಡಿಗೂ ನಡುವಣ ಹಗ್ಗವನ್ನು ಕತ್ತರಿಸಿದಂತಾಯಿತು. ಕೆಲವೇ ದಿನಗಳಲ್ಲಿ ಬಿದನೂರಿನಲ್ಲಿದ್ದವರು ಶರಣಾಗತರಾದರು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು. ಮಂಗಳೂರಿನ ಕೋಟೆಯೊಳಗೆ ಕ್ಯಾಂಬೆಲನು ಮೇ ತಿಂಗಳಿನಿಂದ ೧೭೮೪ರ ಜನವರಿ ೩೦ರವರೆಗೆ ಹಸಿವು ರೋಗಗಳೊಡನೆ ಹೆಣಗಿದನು. ನಡುವೆ ನವೆಂಬರಿನಲ್ಲಿ ಮ್ಯಾಕ್ಲೌಡನ ಹಡಗುಗಳು ದಂಡಿನೊಡನೆ ಬಂದು ಕೋಟೆಯೆದುರಿಗೆ ನಿಂತುವು. ಕದನವಿರಾಮದ ಒಪ್ಪಂದವಿದ್ದುದರಿಂದ ಕಾದಾಡಲೋ ಬೇಡವೋ ಎಂದು ಅನುಮಾನಿಸಿ, ದಂಡನ್ನಿಳಿಸದೆ ಸ್ವಲ್ಪ ಆಹಾರವನ್ನು ಇಳಿಸಿ ಹೊರಟುಹೋದುವು. ಕೋಟೆಯ ಮೇಲಿಂದ ಆ ಹಾಯಿಗಳು ಮರೆಯಾಗುವುದನ್ನು ನೋಡುತ್ತಿದ್ದವರ ಮನಸ್ಸನ್ನು ಊಹಿಸಿಕೊಳ್ಳಬಹುದು. ೧೭೮೪ರ ಮಾರ್ಚ್ ೧೧ರ ಮಂಗಳೂರಿನ ಸಂಧಿಯೊಡನೆ ಈ ಪ್ರಕರಣವು ಮುಗಿಯಿತು.

ಇವೆಲ್ಲ ಹಳೆಯ ಕಾಲದ ಅಜಾಗ್ರತೆಗಳೆಂದು ತಳ್ಳಿಹಾಕುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರ ಏಪ್ರಿಲ್ ೨೫ರಂದು, ಇಂಗ್ಲಿಷರೂ ಫ್ರೆಂಚರೂ ತುರ್ಕಿಯ ಗಲ್ಲಿಪೊಲಿಯಲ್ಲಿ ದಂಡನ್ನಿಳಿಸಿದರು. ಅದಕ್ಕೆ ಮುಂಚೆ ಹಡಗುಗಳಲ್ಲಿ ಸಾಮಾನನ್ನು ಕ್ರಮತಪ್ಪಿ ತುಂಬಿದ್ದುದರಿಂದ ಅವುಗಳನ್ನು ಅಲೆಕ್ಸಾಂಡ್ರಿಯಕ್ಕೆ ಹಿಂದಿರುಗಿಸಿ ಮತ್ತೆ ತುಂಬಬೇಕಾಯಿತು. ಆ ವಿಳಂಬದಲ್ಲಿ ತುರ್ಕರು ಕಾವಲನ್ನು ಬಲಪಡಿಸಿಕೊಂಡರು. ಭಾರತದ ಸಿಪಾಯಿಗಳೂ ಹೇಸರಗತ್ತೆಯ ದಳಗಳೂ ಇದ್ದ ಆ ಯಾತ್ರೆಯು ಎಂಟು ತಿಂಗಳ ಪ್ರಾಣಹಾನಿಯ ಮೇಲೆ ಸೋತಿತು. ಆದರೆ ಒಂದು ಕೆಲಸವು ಮಾತ್ರ ಅಚ್ಚುಕಟ್ಟಾಗಿ ನಡೆಯಿತು, ಅದು ಹಿಂದಿರುಗಿದುದು. ೧೯೧೫ರ ಡಿಸೆಂಬರಿನಲ್ಲಿ ಎರಡು ನೆಲೆಗಳಿಂದಲೂ ೧೯೧೬ರ ಜನವರಿ ೯ರೊಳಗೆ ಮೂರನೆಯದರಿಂದಲೂ, ರಾತ್ರಿ ರಾತ್ರಿ ಇಷ್ಟಿಷ್ಟು ಜನವೆಂದು ಲೆಕ್ಕಹಾಕಿ, ಶತ್ರುವಿಗೆ ಸುಳಿವು ಕೊಡದೆ ದೋಣಿಗಳಲ್ಲಿ ಸಾಗಿಸಿದರು. ಸಾವಿರಾರು ಮಂದಿ ಮಡಿಯುವರೆಂದು ಹೆದರಿದ್ದ ಆ ಕಾರ್ಯದಲ್ಲಿ ಪ್ರಾಣನಷ್ಟವು ಅತ್ಯಲ್ಪ. ಇಳಿಯುವಾಗ ಇಲ್ಲದಿದ್ದ ಲೆಕ್ಕವು ಏರುವಾಗ ಬಂದಿತು.

ಎರಡನೆಯ ಮಹಾಯುದ್ಧದಲ್ಲಿ ಈ ಲೆಕ್ಕವೇ ಒಂದು ಶಾಸ್ತ್ರವಾಗಿ ಬೆಳೆಯಿತು. ಮುಂಭಾಗದ ಹಲಗೆಯು ಕೆಳಕ್ಕೆ ಬಿದ್ದೊಡನೆ ೩೬ ಸೈನಿಕರು ದಡಕ್ಕೆ ಧುಮುಕಬಹುದಾದ ಚಪ್ಪಟೆ ತಳದ ದೋಣಿಗಳನ್ನು ಅಮೆರಿಕದ ಹಿಗಿನ್ಸ್ ಎಂಬವನು ಸಾವಿರಗಟ್ಟಲೆ ಕಟ್ಟಿಸಿದನು. ಹದಿನೆಂಟು ಇಪ್ಪತ್ತು ಟ್ಯಾಂಕುಗಳನ್ನು ನುಂಗಿ ದಡದಲ್ಲಿ ಬಾಯಿ ತೆರೆಯುವ ದೊಡ್ಡ ಹಡಗುಗಳೂ ಬಂದುವು. ಆಗ ಮಹಾರಾಜ್ಯಗಳ ಯುದ್ಧತಂತ್ರವೆಲ್ಲ ಈ ದೋಣಿಗಳ ಸಂಖ್ಯೆಗೆ ತಲೆಬಾಗಿತು. ನಾರ್ಮಂಡಿಯ ಯಾತ್ರೆಯನ್ನು ೧೯೪೪ರ ಮೇ ತಿಂಗಳಿನಿಂದ ಜೂನಿಗೆ ಮುಂದೂಡಿದುದಕ್ಕೆ ಇನ್ನೊಂದು ತಿಂಗಳ ದೋಣಿಗಳು ಸಿಕ್ಕಲೆಂಬುದು ಮುಖ್ಯ ಕಾರಣ. ಅದರೊಡನೆಯೇ ನಡೆಯಬೇಕೆಂದಿದ್ದ ದಕ್ಷಿಣ ಫ್ರಾನ್ಸಿನ ಯಾತ್ರೆಯು ದೋಣಿಗಳು ಸಾಲದೆ ಆಗಸ್ಟ್ ೧೫ಕ್ಕೆ ಬಿದ್ದಿತು. ನಮ್ಮ ಅಂಡಮಾನ್ ದ್ವೀಪಗಳನ್ನು ಜಪಾನೀಯರಿಂದ ಬಿಡಿಸಲು ೧೯೪೩ರ ನವೆಂಬರಿನಲ್ಲಿ ಕೈರೋ ಸಭೆಯಲ್ಲಿ ಆಡಿದ ಮಾತನ್ನು ಡಿಸೆಂಬರಿನಲ್ಲಿಯೇ ಹಿಂದಕ್ಕೆ ತೆಗೆದುಕೊಂಡರು. ದೋಣಿಗಳು ಯೂರೋಪಿಗೆ ಬೇಕಾಗಿದ್ದುವು. ೧೯೪೪ರ ಜೂನ್ ೬ರಂದು ನಾರ್ಮಂಡಿಯಲ್ಲಿ ಸಮುದ್ರದಿಂದಲೂ ಆಕಾಶದಿಂದಲೂ ಸುಮಾರು ೧,೫೬,೦೦೦ ಮಂದಿ ಇಳಿದರು. ಅದಕ್ಕೆ ಎಷ್ಟೋ ತಿಂಗಳು ಮುಂಚಿತವಾಗಿ ಕತ್ತಲೆಯಲ್ಲಿ ಈಜುಗಾರರು ಆ ದಡಕ್ಕೆ ಹೋಗಿ ಮರಳಿನ ಮಾದರಿಗಳನ್ನು ತಂದಿದ್ದರು. ಹನುಮಂತನು ಮಾಡಿದ ಕೆಲಸವನ್ನೇ ಅವರೂ ಮಾಡಿದರು.

ಕನ್ನಡನಾಡಿಗೆ ಸೇರಿದ ಒಂದು ಅಧ್ಯಾಯವೂ ಇದರಲ್ಲುಂಟು. ೧೯೪೨ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಕಟ್ಟಿದ ೨೫ನೆಯ ಭಾರತೀಯ ಡಿವಿಜನ್ ದಂಡು ೧೯೪೫ರ ಜನವರಿಯಲ್ಲಿ ಬರ್ಮಾದ ಅರಕಾನ್ ತೀರದಲ್ಲಿ ಇಂತಹ ಯಾತ್ರೆಗಳನ್ನು ನಡೆಯಿಸಿತು. ಜನವರಿ ೩ರಂದು ಅಕ್ಯಾಬಿನಲ್ಲಿ ಎದುರಾಳಿಯೇ ಇರಲಿಲ್ಲ. ೧೨ರಂದು ಮ್ಯೆಬೋನ್, ೨೨ರಂದು ಕಂಗಾವ್. ಕಂಗಾವಿಗೆ ನೇರವಾದ ಜಲಮಾರ್ಗವನ್ನು ಜಪಾನೀಯರು ಕಾಯುತ್ತಿದ್ದುದರಿಂದ ದೋಣಿಗಳು ಕಾಂಡ್ಲಕಾಡಿನ ನಡುವಣ ಇಕ್ಕಟ್ಟಾದ ಕಾಲುವೆಗಳಲ್ಲಿ ಸುತ್ತಿ ಬಳಸಿ ಹೋದುವು. ಮೊದಲಿಳಿದ ಕಮಾಂಡೋ ದಳದವರ ಬೆನ್ನಿಗೆ ಬಂದ ೫೧ನೆಯ ಬ್ರಿಗೇಡಿನ ಮೂರು ಪಟಾಲಮುಗಳಿಗೂ ಭಾರತೀಯರೇ ನಾಯಕರು. ಅವರಲ್ಲೊಬ್ಬರು ಮಡಿಕೇರಿಯಲ್ಲಿ ಹುಟ್ಟಿ, ೧೯೫೭ರಲ್ಲಿ ಭಾರತದ ಸೇನಾಪತಿಯಾದ ಕೆ. ಎಸ್. ತಿಮ್ಮಯ್ಯನವರು. ಅದೇ ಡಿವಿಜನ್ನು ೧೯೪೫ರ ಸೆಪ್ಟೆಂಬರ್ ೯ರಂದು ಮಲಯದ ಮೋರಿಬ್ ತೀರದಲ್ಲಿ ಇಳಿದಾಗ, ಮರಳೆಂದು ತಿಳಿದಿದ್ದ ಕಡೆ ಕೆಸರಿದ್ದು ವಾಹನಗಳು ಹೂತುಹೋದುವು. ಜಪಾನು ಅಷ್ಟರಲ್ಲಿ ಶರಣಾಗತವಾಗಿದ್ದುದು ದೈವಕೃಪೆ. ಎದುರು ದಡದಲ್ಲಿ ಒಂದು ಫಿರಂಗಿ ಇದ್ದಿದ್ದರೂ ಆ ಕೆಸರು ಎಷ್ಟೋ ಮನೆಗಳನ್ನು ಹಾಳುಮಾಡುತ್ತಿತ್ತು.

ಇಷ್ಟನ್ನೂ ನೋಡಿದ ಮೇಲೆ ನನಗೆ ತೋರುವುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾವು ಚರಿತ್ರೆಯನ್ನು ಓದುವಾಗ ಶೌರ್ಯಕ್ಕೆ ಮರುಳಾಗುತ್ತೇವೆ. ೧೭೬೮ರ ಮಂಗಳೂರಿನ ಕಥೆಯನ್ನು ಹೇಡಿತನದ ಕಥೆಯೆಂದು ಓದುವುದು ಸುಲಭ. ಆದರೆ ಹೇಡಿತನಕ್ಕೆ ಎಡೆಕೊಟ್ಟುದು ಬೊಂಬಾಯಿಯಲ್ಲಿ ಮೇಜಿನ ಮುಂದೆ ಕುಳಿತವರು ಕಾಗದದ ಮೇಲೆ ಬರೆಯದೆ ಬಿಟ್ಟ ಒಂದು ಪಂಕ್ತಿ. ಓಡುವವನಿಗೆ ಯೋಚನೆ ಇರುವುದಿಲ್ಲ. ಅವನ ಪರವಾಗಿ ಮುಂಚೆಯೇ ಯಾರಾದರೂ ಯೋಚಿಸಿರಬೇಕು. ಗಲ್ಲಿಪೊಲಿಯಿಂದ ಹಿಂದಿರುಗಿದವರು ಮಂಗಳೂರಿನಿಂದ ಓಡಿದವರಿಗಿಂತ ಹೆಚ್ಚು ಕೆಚ್ಚಿನವರೆಂದು ಹೇಳಲು ಆಧಾರವಿಲ್ಲ. ಯಾವ ರಾತ್ರಿ ಯಾವ ದೋಣಿಯಲ್ಲಿ ತನಗೆ ಸ್ಥಳವುಂಟೆಂಬುದು ಅವರಿಗೆ ತಿಳಿದಿತ್ತು, ಇವರಿಗೆ ತಿಳಿದಿರಲಿಲ್ಲ.

ನಮ್ಮ ಸೀಮೆಯವರು ಧರ್ಮಸ್ಥಳ ಸುಬ್ರಹ್ಮಣ್ಯಗಳ ಯಾತ್ರೆಗೆ ಹೋದಾಗ ಮಕ್ಕಳಿಗೆ ಸಮುದ್ರವನ್ನು ತೋರಿಸಲೆಂದು ಮಂಗಳೂರಿಗೂ ಹೋಗಿಬರುವುದುಂಟು. ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಕಡಲು ಸೇರುವ ಆ ಅಳಿವೆಯ ದಡದಲ್ಲಿ ನಿಂತಾಗ, ೧೭೬೮ರ ವೈಶಾಖದ ಬಿಸಿಲಿನಲ್ಲಿ ಅಲ್ಲಿ ಮಲಗಿಯೇ ಹಡಗುಗಳು ಹೊರಟುದನ್ನು ನೋಡಿದ ೨೬೦ ಮಂದಿಯನ್ನು ಒಂದು ಗಳಿಗೆ ನೆನೆಯಬೇಕೆಂದು ಪ್ರಾರ್ಥಿಸುತ್ತೇನೆ. ಅವರು ಕುಂಪಣಿಯ ದಂಡಿನವರು, ಈ ನಾಡನ್ನು ಮುತ್ತಲು ಬಂದವರು ಎಂಬುದು ನಿಜ. ಆದರೂ ಅವರಲ್ಲಿ ೧೮೦ ಮಂದಿ ತಿಂಗಳ ಸಂಬಳಕ್ಕಾಗಿ ಹಡಗು ಹತ್ತಿದ್ದ ಈ ದೇಶದ ಬಡವರ ಮಕ್ಕಳು. ಜೊತೆಗೆ ಹೋದ ಮಕ್ಕಳು ಬೇಸರಪಟ್ಟರೆ ಹುಲಿ, ಮೇಕೆ, ಹುಲ್ಲಿನ ಹೊರೆಯ ಒಗಟನ್ನು ಅಲ್ಲಿಯೇ ಕೇಳಬಹುದು. ಮೇಕೆಯನ್ನು ಹಿಂದಕ್ಕೆ ತರುವುದು ದಂಡದ ಕೆಲಸವೇ ಎಂದು ಯಾರಾದರೂ ಕೇಳಿದರೆ, ಉತ್ತರವನ್ನು ಹೇಳುವುದಕ್ಕೆ ಅದಕ್ಕಿಂತ ತಕ್ಕ ಸ್ಥಳವು ದೊರೆಯಲಾರದು.